ಗಿರಣಿ ಏಕಾಂತಯ್ಯನವರ ಮಂಗಳವಾರ

ಚೇಳೂರು
೧೧ ಆಗಸ್ಟ್ ೨೦೨೪, ಭಾನುವಾರ

ಡಾಕ್ಟರ್ ಮಾನಸಾ ಅವರಿಗೆ ಸರ್ವಮಂಗಳಮ್ಮ ಮಾಡುವ ಶರಣು.

ಯಾವ ಸರ್ವಮಂಗಳಮ್ಮ ಎನ್ನುತ್ತೀರೇನೋ. ನಿಮ್ಮ ವಾರ್ಡಿನ ಕಿಟಕಿ ಪಕ್ಕದ ಮಂಚದಲ್ಲಿ ಮಲಗಿಕೊಂಡೇ ಇಡೀ ಆಸ್ಪತ್ರೆಗೆ ಕೇಳುವಂತೆ ಮಾತಾಡುತ್ತಿದ್ದರಲ್ಲ, ಗಿರಣಿ ಏಕಾಂತಯ್ಯ, ಅವರ ಹೆಂಡತಿ ನಾನು. ಹೃದಯ ಸೋತು ಉಸಿರಿಗೆ ಒದ್ದಾಡುತ್ತಾ ಬಂದವರು, ನಡೆದುಕೊಂಡು ಮನೆ ಹೊಸಿಲು ದಾಟಿದರು. ಅಷ್ಟು ಹೇಳಲಿಕ್ಕೆ ಈ ಕಾಗದ.

ಈ ಕಾಲದಲ್ಲಿ ಕಾಗದ ಬರೆಯುವವಳು ಯಾರಪ್ಪ ಎಂದು ನಗಬೇಡಿ. ರಾಗಿ ಬೀಸುವ ಗಿರಣಿಯ ಸದ್ದಿನಲ್ಲೇ ಅರ್ಧ ಆಯಸ್ಸು ಕಳೆದು ನನ್ನ ಕಿವಿ ಹೋಯಿತು. ಅದೇ ಸದ್ದಿನ ಮೇಲೆ ಕೂಗಿ ಕೂಗಿ ಅವರ ಗಂಟಲು ದೊಡ್ಡದಾಯಿತು. ಹಾಗಾಗಿ ಈ ಊರಿನಲ್ಲಿ ನನಗೆ ಕೇಳಿಸುವ ದನಿ ಅವರದೊಂದೇ. ನೀವು ವಾರ್ಡಿನಲ್ಲಿ ನನಗೆ ಏನೇನೋ ಹೇಳಿದಿರಿ, ನಾನು ತಲೆ ಆಡಿಸಿದೆ, ನಿಜ ಹೇಳಬೇಕೆಂದರೆ ಒಂದು ಅಕ್ಷರವೂ ಕೇಳಿಸಲಿಲ್ಲ. ಮುಖ ನೋಡಿದೆ, ಒಳ್ಳೆಯ ಹುಡುಗಿ ಅನ್ನಿಸಿತು, ಸಾಕಾಯಿತು.

ಫೋನು ಕೆಲಸಕ್ಕೆ ಬಾರದು. ಮಗ ಚನ್ನೇಶ ನಿಮ್ಮ ತುಮಕೂರಿನ ಅಂತರಸನಹಳ್ಳಿಯಲ್ಲಿ ಫ್ಯಾಕ್ಟರಿ ಕೆಲಸಕ್ಕಿದ್ದಾನೆ. ಶನಿವಾರ ಸಂಜೆ ಬರುತ್ತಾನೆ, ಭಾನುವಾರ ಸಂಜೆ ಹೊರಡುತ್ತಾನೆ. ಅವನೇ ನಮ್ಮ ಪೋಸ್ಟ್‌ಮ್ಯಾನ್. ಬಾಯಲ್ಲಿ ಹೇಳಿ ಕಳಿಸಿದರೆ ಅರ್ಧ ಮಾತು ಬಸ್ಸಿನಲ್ಲೇ ಬಿಟ್ಟು ಬರುವ ಗಿರಾಕಿ, ಅದಕ್ಕೇ ಬರೆದು ಕಳಿಸುತ್ತಿದ್ದೇನೆ.

ನಿಮ್ಮ ಋಣ ತೀರಿಸುವ ಒಂದು ದಾರಿಯನ್ನು ನಾವಿಬ್ಬರೂ ಹಿಡಿದಿದ್ದೇವೆ. ಏನೆಂದು ಹೇಳುವುದಿಲ್ಲ, ಹೇಳಿದರೆ ಫಲ ಹೋಗುತ್ತದೆ.

ಇಂತಿ,
ಸರ್ವಮಂಗಳಮ್ಮ


ತುಮಕೂರು
೧೭ ಆಗಸ್ಟ್ ೨೦೨೪, ಶನಿವಾರ

ಶ್ರೀಮತಿ ಸರ್ವಮಂಗಳಮ್ಮನವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ತಲುಪಿತು. ಚಿಕಿತ್ಸೆ ನೀಡುವುದು ನಮ್ಮ ಕರ್ತವ್ಯ. ಋಣದ ಮಾತು ಬೇಡ.

ನಾನು ಹೇಳಿದ್ದು ನಿಮಗೆ ಕೇಳಿಸಿರಲಿಲ್ಲ ಎಂದು ತಿಳಿದಿದ್ದರಿಂದ ಮತ್ತೆ ಬರೆಯುತ್ತಿದ್ದೇನೆ. ಊಟದಲ್ಲಿ ಉಪ್ಪು ಕಡಿಮೆ ಇರಲಿ. ಉಪ್ಪಿನಕಾಯಿ, ಹಪ್ಪಳ ಬೇಡ. ಮಾತ್ರೆಗಳನ್ನು ತಪ್ಪಿಸಬಾರದು. ಯಜಮಾನರಿಗೆ ಸಕ್ಕರೆ ಕಾಯಿಲೆ ಹಳೆಯದು, ಮೂತ್ರಪಿಂಡಗಳೂ ಸ್ವಲ್ಪ ದಣಿದಿವೆ. ಆದ್ದರಿಂದ ಹೊತ್ತು ಹೊತ್ತಿಗೆ ಊಟ ಆಗಬೇಕು, ಉಪವಾಸ ಮಾಡಿಸಬೇಡಿ.

ಕಾಲು ಊದಿಕೊಂಡರೆ ಅಥವಾ ಉಸಿರು ಕಟ್ಟಿದರೆ ತಕ್ಷಣ ಕರೆತನ್ನಿ.

ವಂದನೆಗಳು,
ಡಾ. ಮಾನಸಾ
ಮೆಡಿಸಿನ್ ವಿಭಾಗ


ಚೇಳೂರು
೮ ಸೆಪ್ಟೆಂಬರ್ ೨೦೨೪, ಭಾನುವಾರ

ಡಾಕ್ಟ್ರಮ್ಮನಿಗೆ ಶರಣು.

ಎರಡನೇ ಸಲ ಬದುಕಿಸಿ ಕಳಿಸಿದಿರಿ. ಈ ಸಲ ಋಣದ ಮಾತು ಬೇಡ ಎಂದರೆ ನಾನು ಕೇಳುವುದಿಲ್ಲ. ಹೇಗೂ ಕಿವುಡಿ.

ಅವತ್ತು ಮಂಗಳವಾರ ಬೆಳಿಗ್ಗೆ ಹಾಸಿಗೆಯಲ್ಲಿ ಎದ್ದು ಕೂತವರು ಹಾಗೇ ಪಕ್ಕಕ್ಕೆ ಜಾರಿದರು. ಕೈ ಎತ್ತಿದರೆ ಕೈ ನಿಲ್ಲದು, ಕಾಲು ಎತ್ತಿದರೆ ಕಾಲು ನಿಲ್ಲದು. ಎಚ್ಚರ ಇತ್ತು, ಬಾಯಿ ಆಡುತ್ತಿತ್ತು. ಆದರೆ ದನಿ ನನಗೆ ಮುಟ್ಟಲಿಲ್ಲ. ಡಾಕ್ಟ್ರಮ್ಮ, ನನ್ನ ಕಿವಿ ಹೋದಾಗಲೂ ನನಗೆ ಅಷ್ಟು ಭಯ ಆಗಿರಲಿಲ್ಲ. ಲೋಕವೇ ಬಾಗಿಲು ಹಾಕಿಕೊಂಡ ಹಾಗಾಯಿತು.

ಪಕ್ಕದ ಮನೆಯ ಶಿವಮೂರ್ತಿ ಕಾರಿನಲ್ಲಿ ಗುಬ್ಬಿಗೆ ಕರೆದುಕೊಂಡು ಹೋದ. ಅಲ್ಲಿಯವರು ನಾಡಿ ನೋಡಿ, ಇಲ್ಲಿ ನಿಲ್ಲಿಸಬೇಡಿ, ತುಮಕೂರಿಗೆ ಹೋಗಿ ಎಂದರು. ಆಮೇಲಿನದು ನಿಮಗೇ ಗೊತ್ತು. ನೀವು ಊಟಕ್ಕೂ ಹೋಗದೆ ಅವರ ಮಂಚದ ಪಕ್ಕ ನಿಂತಿದ್ದನ್ನು ನಾನು ನೋಡಿದೆ. ನನ್ನ ಕಣ್ಣು ಚೆನ್ನಾಗಿದೆ.

ಬಿಳಿ ಮಾತ್ರೆ ನಿಲ್ಲಿಸಿ ಎಂದು ಚೀಟಿಯಲ್ಲಿ ಬರೆದಿದ್ದೀರಿ. ನಿಲ್ಲಿಸಿದ್ದೇನೆ. ಈಗ ದನಿ ಮತ್ತೆ ಬಂದಿದೆ. ನಿನ್ನೆ ಬೆಲ್ಟು ಕಳಚಿಕೊಂಡ ಸಿಟ್ಟಿಗೆ ಗಿರಣಿಯ ಯಂತ್ರವನ್ನು ಬೈಯುತ್ತಿದ್ದರು, ಅಡುಗೆ ಮನೆಗೆ ಕೇಳಿಸಿತು. ಹಾಲು ಕುಡಿದಷ್ಟು ಸಂತೋಷವಾಯಿತು.

ಇಂತಿ,
ಸರ್ವಮಂಗಳಮ್ಮ


ತುಮಕೂರು
೨೮ ಸೆಪ್ಟೆಂಬರ್ ೨೦೨೪, ಶನಿವಾರ

ಸರ್ವಮಂಗಳಮ್ಮನವರಿಗೆ ನಮಸ್ಕಾರ.

ಏಕಾಂತಯ್ಯನವರು ಇವತ್ತು ಚನ್ನೇಶ್ ಜೊತೆ ಮನೆಗೆ ಬರುತ್ತಿದ್ದಾರೆ. ಈ ಸಲವೂ ಮಂಗಳವಾರವೇ, ಈ ಸಲವೂ ಅದೇ ತೊಂದರೆ. ರಕ್ತದಲ್ಲಿ ಪೊಟ್ಯಾಸಿಯಂ ಎಂಬ ಒಂದು ಲವಣ ವಿಪರೀತ ಏರಿತ್ತು. ಅದು ಏರಿದರೆ ಕೈಕಾಲು ಸೋಲುತ್ತವೆ, ಹೃದಯದ ಬಡಿತ ನಿಧಾನವಾಗುತ್ತದೆ. ಹೋದ ಸಲ ಬಿಳಿ ಮಾತ್ರೆಯಿಂದ ಏರಿತು ಎಂದುಕೊಂಡು ನಿಲ್ಲಿಸಿದ್ದೆವು. ಮಾತ್ರೆ ನಿಂತ ಮೇಲೂ ಏಕೆ ಏರಿತು ಎಂಬುದು ನಮಗೆ ತಿಳಿಯುತ್ತಿಲ್ಲ.

"ಹಿಂದಿನ ದಿನ ಏನು ತಿಂದಿದ್ರಿ?" ಎಂದು ಎರಡು ಸಲವೂ ಕೇಳಿದೆ. "ಏನೂ ತಿಂದಿಲ್ಲ ಕಣವ್ವ" ಎನ್ನುತ್ತಾರೆ. ಹಸಿವು ಸತ್ತಿದೆಯೇನೋ ಎಂದು ಹೊಟ್ಟೆಯ ಸ್ಕ್ಯಾನ್ ಮಾಡಿಸಿದೆವು. ದೋಷ ಕಾಣಲಿಲ್ಲ.

ಎರಡು ಪ್ರಶ್ನೆಗಳಿಗೆ ದಯವಿಟ್ಟು ಉತ್ತರಿಸಿ. ಒಂದು, ನಿಲ್ಲಿಸಲು ಹೇಳಿದ ಮಾತ್ರೆಯನ್ನು ತಪ್ಪಿ ಕೊಡುತ್ತಿಲ್ಲವಷ್ಟೆ? ಎರಡು, ಬೆಳಿಗ್ಗೆಯಿಂದ ರಾತ್ರಿಯವರೆಗೆ ಅವರ ಊಟ ತಿಂಡಿ ಏನೇನು? ಏಕೆ ಕೇಳುತ್ತಿದ್ದೇನೆ ಎಂದು ಈಗ ಹೇಳಲಾರೆ. ನಾವು ಸುಳಿವು ಕೊಟ್ಟರೆ ರೋಗಿಯ ಮನೆಯವರು ನಮಗೆ ಬೇಕಾದ ಉತ್ತರ ಕೊಟ್ಟುಬಿಡುತ್ತಾರೆ ಎಂಬುದು ನಮ್ಮ ಹಿರಿಯ ವೈದ್ಯರ ನಿಯಮ.

ವಂದನೆಗಳು,
ಡಾ. ಮಾನಸಾ


ಚೇಳೂರು
೬ ಅಕ್ಟೋಬರ್ ೨೦೨೪, ಭಾನುವಾರ

ಡಾಕ್ಟರ್ ಮಾನಸಾ ಅವರಿಗೆ,

ಕಿವಿ ಕೇಳದವಳಿಗೆ ಬುದ್ಧಿಯೂ ಇಲ್ಲ ಎಂದು ಜನ ಅಂದುಕೊಳ್ಳುತ್ತಾರೆ. ಬಸ್ ಕಂಡಕ್ಟರ್ ಅಂದುಕೊಳ್ಳಲಿ, ಸಂತೆಯವರು ಅಂದುಕೊಳ್ಳಲಿ, ನನಗೇನೂ ಇಲ್ಲ. ನೀವು ಅಂದುಕೊಂಡಿದ್ದಕ್ಕೆ ನೋವಾಯಿತು.

ನೀವು ನಿಲ್ಲಿಸಿ ಎಂದ ಮಾತ್ರೆ ಇದೇ ಕವರಿನಲ್ಲಿದೆ. ಅವತ್ತೇ ರಬ್ಬರ್ ಬ್ಯಾಂಡ್ ಹಾಕಿ ದೇವರ ಗೂಡಿನ ಮೇಲೆ ಎತ್ತಿಟ್ಟಿದ್ದೆ. ಅಂಗಡಿಯವನ ಬಿಲ್ಲೂ ಇದೆ, ಹೊಂದಿಸಿ ನೋಡಿಕೊಳ್ಳಿ. ನನ್ನ ಗಂಡನಿಗೆ ನಾನೇ ತಪ್ಪು ಮಾತ್ರೆ ತಿನ್ನಿಸುತ್ತೇನೆಯೇ?

ಊಟದ ವಿಷಯ. ಬೆಳಿಗ್ಗೆ ಎರಡು ಇಡ್ಲಿ ಅಥವಾ ಒಂದು ರೊಟ್ಟಿ. ಮಧ್ಯಾಹ್ನ ಮುದ್ದೆ, ಹುರುಳಿ ಸಾರೋ ಸೊಪ್ಪಿನ ಸಾರೋ, ಒಂದು ಹಿಡಿ ಅನ್ನ, ಮಜ್ಜಿಗೆ. ರಾತ್ರಿ ಅದೇ, ಕೊಂಚ ಕಡಿಮೆ. ಉಪ್ಪು ನೀವು ಹೇಳಿದಷ್ಟೇ. ಸಪ್ಪೆ ಸಾರು ಎಂದು ದಿನಾ ನನ್ನನ್ನು ಬೈಯುತ್ತಾರೆ, ಆ ಬೈಗುಳವೇ ಸಾಕ್ಷಿ. ವಾರವೆಲ್ಲ ಇದೇ. ಬೇರೆ ಊಟ ಇಲ್ಲ.

ಹಸಿವು ಚೆನ್ನಾಗಿದೆ. ಸ್ಕ್ಯಾನ್ ಯಾಕೆ ಮಾಡಿಸಿದಿರೋ ನನಗೆ ತಿಳಿಯಲಿಲ್ಲ.

ಸರ್ವಮಂಗಳಮ್ಮ


ತುಮಕೂರು
೧೯ ಅಕ್ಟೋಬರ್ ೨೦೨೪, ಶನಿವಾರ

ಅಮ್ಮ,

ಈ ಪತ್ರವನ್ನು ಹೋದ ಶನಿವಾರವೇ ಕಳಿಸಬೇಕಿತ್ತು. ಬರೆಯಲು ಮುಖ ಇರಲಿಲ್ಲ.

ನೀವು ಕಳಿಸಿದ ಮಾತ್ರೆಗಳನ್ನು ನಮ್ಮ ಹಿರಿಯ ವೈದ್ಯರ ಮೇಜಿನ ಮೇಲಿಟ್ಟು, "ಸರ್, ಆ ಅಮ್ಮ ಒಂದನ್ನೂ ಕೊಟ್ಟಿಲ್ಲ" ಎಂದೆ. ಅನುಮಾನ ಅವರದಾಗಿತ್ತು, ಆದರೆ ಆ ಪ್ರಶ್ನೆ ಬರೆದ ಕೈ ನನ್ನದು. ತಪ್ಪನ್ನು ಹೊಟ್ಟೆಗೆ ಹಾಕಿಕೊಳ್ಳಿ.

ಮುಚ್ಚುಮರೆ ಸಾಕು. ಇನ್ನೊಂದನ್ನೂ ನೇರವಾಗಿ ಹೇಳುತ್ತೇನೆ. ಚನ್ನೇಶ್ "ಅವ್ವಂಗೆ ಹೇಳ್ಬ್ಯಾಡಿ ಮೇಡಂ, ತಡ್ಕಳಲ್ಲ" ಎಂದು ಕೈ ಮುಗಿದಿದ್ದರು. ನೀವು ತಡೆದುಕೊಳ್ಳುವವರು ಎಂದು ನನಗೆ ಗೊತ್ತು. ಮೂರನೇ ಸಲ ಹೀಗಾದರೆ, ಆಸ್ಪತ್ರೆಗೆ ಬರುವ ಮೊದಲೇ ಅವರ ಹೃದಯ ನಿಂತುಹೋಗಬಹುದು. ಬೇರುಗಳನ್ನೆಲ್ಲ ಕೆದಕಿ ನೋಡಿದೆವು. ರಕ್ತ, ಮೂತ್ರ, ಗ್ರಂಥಿಗಳ ಪರೀಕ್ಷೆ, ಎಲ್ಲ ಮಾಡಿದೆವು. ಮೂತ್ರಪಿಂಡದ ಸುಸ್ತು ಒಂದರಿಂದಲೇ ಇಷ್ಟು ಏರಬಾರದು. ವಾರ್ಡಿನಲ್ಲಿದ್ದರೆ ಚೆನ್ನಾಗಿರುತ್ತಾರೆ, ಊರಿಗೆ ಬಂದರೆ ಬೀಳುತ್ತಾರೆ. ಅದೂ ಮಂಗಳವಾರವೇ. ರೋಗಕ್ಕೆ ವಾರ ಗೊತ್ತಿರುತ್ತದೆಯೇ ಅಮ್ಮ?

ಡಿಸೆಂಬರ್‌ಗೆ ಮೊದಲು ಇಲ್ಲಿ ವೈದ್ಯರ ಸಭೆಯೊಂದಿದೆ. ಅಪರೂಪದ ಕಾಯಿಲೆಗಳನ್ನು ಅಲ್ಲಿ ವಿವರಿಸುತ್ತಾರೆ. ನಿಮ್ಮ ಒಪ್ಪಿಗೆ ಇದ್ದರೆ, ಹೆಸರು ಊರು ಹೇಳದೆ, ಇದನ್ನು ಅವರ ಮುಂದಿಡಬೇಕೆಂದಿದ್ದೇನೆ. ಯಾರಿಗಾದರೂ ಏನಾದರೂ ಹೊಳೆದೀತು.

ನಿಮ್ಮ,
ಮಾನಸಾ


ಚೇಳೂರು
೩ ನವೆಂಬರ್ ೨೦೨೪, ಭಾನುವಾರ

ಮಗಳೇ ಮಾನಸಾ,

ನಿನ್ನ ಕಾಗದ ಓದಿ ಎರಡು ಸಲ ಅತ್ತೆ. ಒಂದು ಸಲ ಅವರಿಗಾಗಿ, ಇನ್ನೊಂದು ಸಲ ನಿನಗಾಗಿ. ಸಿಟ್ಟು ಅವತ್ತೇ ಹೋಯಿತು. ಇಷ್ಟು ದಿನ ಬರೆಯದೇ ಇದ್ದದ್ದು ಹಬ್ಬದ ಕೆಲಸದಿಂದ, ಮುನಿಸಿನಿಂದಲ್ಲ. ನಿಜ ಹೇಳಿದೆಯಲ್ಲ, ಅದು ದೊಡ್ಡದು. ಕಿವುಡರಿಗೆ ಯಾರೂ ನಿಜ ಹೇಳುವುದಿಲ್ಲ. ಕಿರುಚಿ ಹೇಳಬೇಕಲ್ಲ, ಅದಕ್ಕೇ ಸಣ್ಣದು ಮಾಡಿ ಹೇಳುತ್ತಾರೆ.

ನೀನು ಮುಚ್ಚುಮರೆ ಬಿಟ್ಟ ಮೇಲೆ ನಾನು ಇಟ್ಟುಕೊಂಡರೆ ಶಿವ ಮೆಚ್ಚುವುದಿಲ್ಲ. ನನ್ನದೂ ಒಂದಿದೆ. ಮೊದಲ ಸಲ ಅವರು ಉಸಿರಿಗೆ ಒದ್ದಾಡುವಾಗ ನಿನ್ನ ವಾರ್ಡಿನ ಬಾಗಿಲಲ್ಲೇ ಹರಕೆ ಹೊತ್ತಿದ್ದೆ: ಇವರು ನಡೆದು ಮನೆಗೆ ಬಂದರೆ ಇಬ್ಬರೂ ಸೋಮವಾರ ಸೋಮವಾರ ಉಪವಾಸ, ಪುಣ್ಯದಲ್ಲಿ ಅರ್ಧ ಬದುಕಿಸಿದ ಡಾಕ್ಟರಿಗೆ. ಆಮೇಲೆ ನೀನು ಉಪವಾಸ ಬೇಡ ಎಂದು ಬರೆದೆ. ಹೊತ್ತ ಹರಕೆಯನ್ನು ಇಳಿಸುವುದು ಹೇಗೆ? ನಿನಗೆ ಹೇಳಲಿಲ್ಲ, ಅಷ್ಟೆ. ಚನ್ನೇಶನಿಗೂ ಗೊತ್ತಿಲ್ಲ, ಅವನು ಭಾನುವಾರವೇ ಹೊರಡುತ್ತಾನಲ್ಲ. ಆಸ್ಪತ್ರೆಯಲ್ಲಿದ್ದ ಸೋಮವಾರ ಮಾತ್ರ ಹರಕೆಗೆ ರಜೆ.

ನೀನು ಹೆದರುವಂಥ ಕಠಿಣ ಉಪವಾಸ ಅಲ್ಲ ಮಗಳೇ. ನನಗೆ ಒಂದು ಲೋಟ ಹಾಲು ಸಾಕು. ಅವರು ಗಿರಣಿಯಲ್ಲಿ ದುಡಿಯುವವರು, ಸುಸ್ತಾಗಬಾರದು ಎಂದು ನಾನೇ ನಿಂತು ಎಳನೀರು ಕೊಚ್ಚಿ ಕೊಡುತ್ತೇನೆ. ಸುಮ್ಮನಿದ್ದ ಸೋಮವಾರ ಒಂದೋ ಎರಡೋ ಆಗುತ್ತದೆ. ಗಿರಣಿಗೆ ಜನ ನುಗ್ಗಿ ಬೆವರು ಹರಿದ ದಿನ ಏಳಾಗುತ್ತದೆ, ಎಂಟಾಗುತ್ತದೆ. ಸಂಜೆಗೆ ಬಾಳೆಹಣ್ಣು, ಅದೂ ಒಂದು ಚಿಪ್ಪು ಮುಂದಿಟ್ಟರೆ ಒಂದೂ ಉಳಿಯುವುದಿಲ್ಲ. ಬೇಯಿಸಿದ್ದು ಒಂದು ಅಗುಳೂ ಬಾಯಿಗೆ ಹೋಗುವುದಿಲ್ಲ. ಅಷ್ಟು ನೇಮ.

ಮೂರನೇ ಸಲ ಆಗಬಾರದು ಎಂದು ಈಗ ಹರಕೆಯನ್ನು ಇನ್ನಷ್ಟು ಬಿಗಿ ಮಾಡಿದ್ದೇವೆ. ನಾಳೆ ಕಾರ್ತಿಕದ ಮೊದಲ ಸೋಮವಾರ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಎಳನೀರು ಬಿಟ್ಟರೆ ಬೇರೇನೂ ಇಲ್ಲ. ಅದೇ ಮರದ ಗೊನೆಯಿಂದ ನಿನಗೂ ಒಂದು ಚೀಲ ಎಳನೀರು ಚನ್ನೇಶನ ಕೈಲಿ ಕಳಿಸಿದ್ದೇನೆ. ನಮ್ಮ ಹರಕೆಯಲ್ಲಿ ನಿನ್ನ ಪಾಲೂ ಇದೆಯಲ್ಲ.

ಸಭೆಯಲ್ಲಿ ಧಾರಾಳವಾಗಿ ಹೇಳು.

ಇಂತಿ,
ಸರ್ವಮಂಗಳಮ್ಮ


ತುಮಕೂರು
೩ ನವೆಂಬರ್, ಭಾನುವಾರ ಸಂಜೆ

ಅಮ್ಮ,

ಏಕಾಂತಯ್ಯನವರಿಗೆ ಎಳನೀರು ಕೊಡಬೇಡಿ. ನಾಳೆ ಬೇಡ, ನಾಡಿದ್ದು ಬೇಡ, ಒಂದು ಲೋಟವೂ ಬೇಡ. ಬಾಳೆಹಣ್ಣೂ ಬೇಡ.

ನಿಮ್ಮ ಪತ್ರವನ್ನು ಚನ್ನೇಶ್ ಮುಂದೆಯೇ ಓದಿದೆ. ಗಿರಣಿಯ ಫೋನಿಗೆ ಮತ್ತೆ ಮತ್ತೆ ಮಾಡಿದೆವು, ಭಾನುವಾರ ಗಿರಣಿ ಮುಚ್ಚಿದೆ, ಯಾರೂ ಎತ್ತುತ್ತಿಲ್ಲ. ಶಿವಮೂರ್ತಿಯವರ ಫೋನು ಆಫ್ ಆಗಿದೆ. ಅದಕ್ಕೆ ಚನ್ನೇಶ್ ಅವರನ್ನು ಬಂದ ಕಾಲಲ್ಲೇ ವಾಪಸ್ ಕಳಿಸುತ್ತಿದ್ದೇನೆ. ಬಸ್ಸಿಗೆ ಹೊತ್ತಾಗುತ್ತದೆ, ಚುಟುಕಾಗಿ ಬರೆಯುತ್ತೇನೆ.

ನಾನು ಹೇಳಿದ ಆ ಲವಣ ಎಳನೀರಿನಲ್ಲಿ, ಬಾಳೆಹಣ್ಣಿನಲ್ಲಿ ಬೇಕಾದಷ್ಟಿದೆ. ನಿಮಗೆ, ನನಗೆ ಅದರಿಂದ ತೊಂದರೆ ಇಲ್ಲ, ಮೂತ್ರದಲ್ಲಿ ಹೋಗಿಬಿಡುತ್ತದೆ. ಅವರ ದಣಿದ ಮೂತ್ರಪಿಂಡಕ್ಕೆ ಅಷ್ಟನ್ನು ಒಂದೇ ದಿನ ಹೊರಹಾಕುವ ಶಕ್ತಿ ಇಲ್ಲ. ಸೋಮವಾರ ಕುಡಿದದ್ದು ಮಂಗಳವಾರ ಬೆಳಿಗ್ಗೆ ಹೃದಯವನ್ನು ಹಿಡಿಯುತ್ತದೆ.

ನಾಳೆ ಅವರು ಊಟ ಮಾಡಲಿ. ಮುದ್ದೆ ಉಣ್ಣಲಿ. ಹರಕೆ ಮುರಿದ ಪಾಪ ಏನಾದರೂ ಇದ್ದರೆ ಅದರಲ್ಲೂ ಅರ್ಧ ನನಗಿರಲಿ.

ಇದು ನಿಮ್ಮ ತಪ್ಪಲ್ಲ ಅಮ್ಮ. ದಯವಿಟ್ಟು ಈ ಸಾಲನ್ನು ಎರಡು ಸಲ ಓದಿ.

ಮಾನಸಾ


ಚೇಳೂರು
೧೦ ನವೆಂಬರ್ ೨೦೨೪, ಭಾನುವಾರ

ಮಗಳೇ,

ಎರಡು ಸಲ ಅಲ್ಲ, ಕಾಗದ ಮಾಸುವವರೆಗೆ ಓದಿದೆ. ಆದರೂ ಮನಸ್ಸು ಒಪ್ಪಲಿಲ್ಲ. ನನ್ನ ಕೈಯಾರೆ ಕೊಚ್ಚಿ ಕೊಟ್ಟೆನಲ್ಲ, ಸಾಕು ಎಂದರೂ "ಇನ್ನೊಂದು ಕುಡೀರಿ" ಎಂದು ಬಲವಂತ ಮಾಡಿದೆನಲ್ಲ. ಎಷ್ಟು ಪ್ರೀತಿಯಿಂದ ಕೊಟ್ಟೆನೋ ಅಷ್ಟೇ ಹತ್ತಿರಕ್ಕೆ ಸಾವನ್ನು ಕರೆದೆ ಅನ್ನಿಸಿ ಅವತ್ತು ಅನ್ನ ಇಳಿಯಲಿಲ್ಲ.

ಚನ್ನೇಶ ಬಂದದ್ದು ಶಿವಪೂಜೆಯಲ್ಲಿ ಕರಡಿ ಬಿಟ್ಟ ಹಾಗೆ. ನಾನು ಮಾರನೆಯ ದಿನಕ್ಕೆ ಎಳನೀರುಗಳನ್ನು ತೊಳೆದು ಸಾಲಾಗಿ ಜೋಡಿಸಿ, ಒಂದೊಂದಕ್ಕೂ ವಿಭೂತಿ ಹಚ್ಚಿದ್ದೆ. ಅವನು ಒಳಗೆ ಬಂದವನೇ ಎಲ್ಲವನ್ನೂ ಎತ್ತಿಕೊಂಡು ಹೊರಗೆ ಹೋದ. ಇವನಿಗೆ ಬುದ್ಧಿ ಕೆಟ್ಟಿತೇ ಎಂದುಕೊಂಡೆ. ಆಮೇಲೆ ನಿನ್ನ ಚೀಟಿ ಕೊಟ್ಟ.

ನಾನು ಅವರನ್ನು ಕೇಳಿದೆ, ಡಾಕ್ಟ್ರಮ್ಮ ವಾರ್ಡಿನಲ್ಲಿ ನಿಮಗೆ ಎಳನೀರಿನ ಮಾತು ಹೇಳಲೇ ಇಲ್ಲವೇ ಎಂದು. ಅವರು ಕೂಗಿದರು: "ಯೋಳಿದ್ರು ಕಣೇ! ಊಟದಲ್ಲಿ ಎಳ್ನೀರು ಬಾಳೆಹಣ್ಣು ಬ್ಯಾಡ ಅಂದ್ರು. ಊಟದಲ್ಲಿ ನಾನು ಯಾವತ್ ಕುಡ್ದಿವ್ನಿ? ಸ್ವಾಮಾರ ಊಟವೇ ಇಲ್ಲವಲ್ಲ!"

ಬೈಯಬೇಕೋ ನಗಬೇಕೋ ಹೇಳು. ಆದರೆ ಬೈಯುವ ಬಾಯಿ ನನಗೂ ಇಲ್ಲ. ನೀನು ಊಟ ತಿಂಡಿ ಬರೆಯಿರಿ ಎಂದಾಗ ನಾನೂ ಸೋಮವಾರವನ್ನು ಬಿಟ್ಟೇ ಬರೆದೆ. ಉಪವಾಸದ ಮಾತು ಮುಚ್ಚಿಟ್ಟದ್ದು ನಿಜ. ಆದರೆ ಎಳನೀರನ್ನು ಮುಚ್ಚಿಡಲಿಲ್ಲ ಮಗಳೇ, ಅದು ಬರೆಯುವಂಥದ್ದು ಎಂದೇ ಹೊಳೆಯಲಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ ಎಂದು ಗಾದೆ ಮಾಡಿದವರು ಉಪವಾಸದ ಬಗ್ಗೆಯೂ ಒಂದು ಮಾತು ಹೇಳಿ ಹೋಗಬಾರದಿತ್ತೇ?

ಹರಕೆ ಮುರಿದ ಭಯಕ್ಕೆ ಸೋಮವಾರ ಬೆಳಿಗ್ಗೆಯೇ ನಮ್ಮ ಮಠದ ಅಯ್ಯನವರ ಹತ್ತಿರ ಹೋದೆವು. ಅವರು ಎಲ್ಲ ಕೇಳಿ ನಕ್ಕು, ನನಗೋಸ್ಕರ ಸ್ಲೇಟಿನ ಮೇಲೆ ಬರೆದು ತೋರಿಸಿದರು: ಶಿವನಿಗೆ ಬೇಕಾಗಿರುವುದು ಏಕಾಂತಯ್ಯನ ಹೊಟ್ಟೆಯಲ್ಲ, ಕಾಯಕ. ಸೋಮವಾರ ಸೋಮವಾರ ದಾಸೋಹದ ರಾಗಿಯನ್ನು ಬೀಸಿಕೊಡಿ, ಉಂಡು ಬೀಸಿ. ಅವತ್ತೇ ಅವರು ಹೊಟ್ಟೆ ತುಂಬ ಮುದ್ದೆ ಉಂಡು ಮಠದ ರಾಗಿ ಬೀಸಿದರು. ಪುಣ್ಯದಲ್ಲಿ ನಿನ್ನ ಅರ್ಧ ಹಾಗೇ ಇದೆ.

ಸಭೆಯಲ್ಲಿ ಹೇಳುವುದಕ್ಕೆ ಈಗ ಒಂದು ಷರತ್ತು ಹಾಕುತ್ತೇನೆ. ಹೆಂಡತಿ ಮಾತ್ರೆ ತಪ್ಪಿಸಲಿಲ್ಲ ಎಂಬುದನ್ನು ಎದ್ದು ನಿಂತು ಹೇಳಬೇಕು.

ಇಂತಿ,
ಸರ್ವಮಂಗಳಮ್ಮ


ತುಮಕೂರು
೩೦ ನವೆಂಬರ್ ೨೦೨೪, ಶನಿವಾರ

ಅಮ್ಮ,

ಎದ್ದು ನಿಂತು ಹೇಳಿದೆ. ಮೈಕ್ ಕೈಯಲ್ಲಿತ್ತು, ಆದರೂ ಏಕಾಂತಯ್ಯನವರ ದನಿಯಲ್ಲೇ ಹೇಳಿದೆ ಎಂದು ನಮ್ಮ ನರ್ಸ್ ಯಶಸ್ವಿನಿ ನಕ್ಕಳು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮ ಹಿರಿಯ ವೈದ್ಯರು, ನಿಮ್ಮನ್ನು ಅನುಮಾನಿಸಿದವರು, ಕೊನೆಯಲ್ಲಿ ಎದ್ದು, "ಆ ತಾಯಿಗೆ ನನ್ನ ನಮಸ್ಕಾರ ತಿಳಿಸು" ಎಂದರು. ತಿಳಿಸಿದ್ದೇನೆ.

ನನಗೆ ನಾಚಿಕೆಯಾದದ್ದು ಬೇರೆ ಕಾರಣಕ್ಕೆ. ನಾನು ಕುಣಿಗಲ್ ಕಡೆಯವಳು, ಕೊತ್ತಗೆರೆಯವಳು. ನನ್ನ ಅಮ್ಮ ಗಂಗಾಂಬಿಕೆ ಶಿವರಾತ್ರಿಯ ದಿನ ಕಡಲೆಕಾಯಿ, ಖರ್ಜೂರ, ಹಣ್ಣು ಎಲ್ಲ ಮುಗಿಸಿ, "ಬೆಳಗಿಂದ ಏನೂ ತಿಂದಿಲ್ಲ ಕಣೇ, ತಲೆ ಸುತ್ತತೈತೆ" ಎನ್ನುವುದನ್ನು ಕೇಳಿಕೊಂಡೇ ಬೆಳೆದೆ. ಅದೇ ಮಾತನ್ನು ನಿಮ್ಮ ಯಜಮಾನರು ವಾರ್ಡಿನಲ್ಲಿ ಹೇಳಿದಾಗ, ಕೋಟು ಹಾಕಿದ್ದೆನಲ್ಲ, ಕೊತ್ತಗೆರೆ ಮರೆತುಹೋಗಿತ್ತು.

ಈಗ ನಮ್ಮ ವಾರ್ಡಿನಲ್ಲಿ ಏನು ತಿಂದಿರಿ ಎಂದಷ್ಟೇ ಕೇಳಿ ಬಿಡುವುದಿಲ್ಲ. "ಉಪವಾಸದ ದಿನ ಬಾಯಿಗೆ ಏನೇನು ಹಾಕ್ತೀರಾ?" ಎಂದೂ ಕೇಳುತ್ತೇವೆ. ಹೋದ ವಾರ ಭದ್ರಮ್ಮ ಎಂಬ ಅಜ್ಜಿ ಕೈಕಾಲು ಸೋತು ಬಂದರು. ಆ ಪ್ರಶ್ನೆ ಕೇಳಿದ ಕೂಡಲೇ ಒಂದು ಬುಟ್ಟಿ ಹಣ್ಣಿನ ಹೆಸರು ಹೇಳಿದರು. ಸ್ಕ್ಯಾನ್ ಬೇಕಾಗಲಿಲ್ಲ, ನಿನ್ನೆ ನಡೆದುಕೊಂಡು ಮನೆಗೆ ಹೋದರು. ಅವರಿಗೆ ನೀವು ಯಾರೆಂದು ಗೊತ್ತಿಲ್ಲ. ನನಗೆ ಗೊತ್ತಿದೆ. ಕರ್ತವ್ಯ, ಋಣದ ಮಾತು ಬೇಡ ಎಂದು ಮೊದಲು ಬರೆದಿದ್ದೆನಲ್ಲ, ಅದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ನಿಮ್ಮ ಋಣ ನನ್ನ ಮೇಲಿದೆ.

ನೀವು ಕಳಿಸಿದ ಎಳನೀರನ್ನು ವಾರ್ಡಿನ ಸಿಬ್ಬಂದಿಯೆಲ್ಲ ಹಂಚಿಕೊಂಡು ಕುಡಿದೆವು. ಬಹಳ ಸಿಹಿ.

ಏಕಾಂತಯ್ಯನವರ ರಕ್ತ ಪರೀಕ್ಷೆ ಸರಿಯಾಗಿ ಬಂದಿದೆ. ಆದರೂ ಮಂಗಳವಾರ ಬೆಳಿಗ್ಗೆ ಹೇಗಿರುತ್ತಾರೆ ಎಂದು ನನಗೆ ನೀವೇ ಬರೆಯಬೇಕು.

ನಿಮ್ಮ ಮಗಳು,
ಮಾನಸಾ


ಚೇಳೂರು
೧ ಡಿಸೆಂಬರ್ ೨೦೨೪, ಭಾನುವಾರ

ಮಗಳೇ ಮಾನಸಾ,

ನಿಮ್ಮ ಹಿರಿಯ ಡಾಕ್ಟರಿಗೆ ನನ್ನ ಶರಣು. ಅವರ ಮೇಲೂ ಸಿಟ್ಟಿಲ್ಲ. ಅನುಮಾನ ಬಂತೆಂದೇ ನೀನು ಬರೆದೆ, ನೀನು ಬರೆದೆಯೆಂದೇ ನಾನು ಬರೆದೆ. ಭದ್ರಮ್ಮನಿಗೆ ಒಳ್ಳೆಯದಾಗಲಿ.

ಮಂಗಳವಾರದ ವಿಷಯ ಕೇಳಿದೆಯಲ್ಲ. ಕಾರ್ತಿಕದ ಸೋಮವಾರಗಳೆಲ್ಲ ಮುಗಿದವು. ಪ್ರತಿ ಮಂಗಳವಾರ ನಾನು ಅವರಿಗಿಂತ ಮೊದಲೇ ಎದ್ದು, ಅವರ ಕೈಕಾಲು ಆಡುತ್ತವೆಯೇ ಎಂದು ನೋಡುತ್ತಾ ಕೂರುತ್ತಿದ್ದೆ. ಮೊನ್ನೆ ಮಂಗಳವಾರ ಮಾತ್ರ ಧೈರ್ಯ ಮಾಡಿ, ಅವರನ್ನು ಮಲಗಲು ಬಿಟ್ಟು ಹಿತ್ತಿಲಿಗೆ ಹೋದೆ. ಪಾತ್ರೆ ಬೆಳಗುತ್ತಿದ್ದೆ.

"ಲೇ ಮಂಗಳೀ! ಕಾಪಿ ಆಯ್ತೇನೇ?"

ನಡುಮನೆ ದಾಟಿ, ಅಡುಗೆ ಮನೆ ದಾಟಿ, ಹಿತ್ತಿಲ ಬಾಗಿಲು ದಾಟಿ ಬಂತು. ಅಕ್ಷರ ಅಕ್ಷರವೂ ಕೇಳಿಸಿತು.

ಕಾಫಿ ಆಗಿತ್ತು. ಆದರೂ ನಾನು ಏಳಲಿಲ್ಲ. ಕೇಳಿಸದವಳ ಹಾಗೆ ತಲೆ ತಗ್ಗಿಸಿ ಕೂತೆ, ಇನ್ನೊಂದು ಸಲ ಕೂಗಲಿ ಅಂತ.

ಇಂತಿ ನಿನ್ನ,
ಸರ್ವಮಂಗಳಮ್ಮ